ಹುಳಿ ಒಂದೇ ಅಲ್ಲ: ಯಾವ ಹುಳಿ, ಎಷ್ಟು, ಯಾವಾಗ

ಅಡುಗೆ ಸಪ್ಪೆ ಅನಿಸಿದ ಕೂಡಲೇ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ. ಎಷ್ಟೋ ಸಲ ಆ ಅಡುಗೆ ಕೇಳುತ್ತಿರುವುದು ನಾಲ್ಕು ಹನಿ ಹುಳಿಯನ್ನು. ಸರಿ, ಯಾವ ಹುಳಿ? ನಿಂಬೆ ಇಲ್ಲದಿದ್ದರೆ ವಿನೆಗರ್, ಅದೂ ಇಲ್ಲದಿದ್ದರೆ ಹುಣಸೆ ಅಂತ ಕೈಗೆ ಸಿಕ್ಕಿದ್ದನ್ನು ಹಾಕುವ ಅಭ್ಯಾಸ ನನಗೂ ಬಹಳ ವರ್ಷ ಇತ್ತು. ರುಚಿ ಕೆಟ್ಟಾಗ ಅಳತೆ ತಪ್ಪಿತು ಅಂದುಕೊಳ್ಳುತ್ತಿದ್ದೆ. ಹುಳಿಯಲ್ಲೇ ಬೇರೆ ಬೇರೆ ಜಾತಿಗಳಿವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ ಎಂದು ತಿಳಿದದ್ದು ಆಮೇಲೆ.

ಈ ತಪ್ಪು ಹಳೆಯದು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲ್ಸ್‌ಬರಿ ಎಂಬ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯರಿದ್ದರು. ನಾವಿಕರಿಗೆ ಸ್ಕರ್ವಿ ಹಿಡಿದಿತ್ತು. ಒಸಡಿನಲ್ಲಿ ರಕ್ತ, ಮೈಯಲ್ಲಿ ತ್ರಾಣವಿಲ್ಲ. ಹುಳಿ ಪದಾರ್ಥ ಯಾವುದಾದರೂ ಈ ರೋಗಕ್ಕೆ ಮದ್ದು ಎಂಬ ನಂಬಿಕೆ ಆಗ ಇತ್ತು. ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಒಂದಕ್ಕೆ ಸೇಬಿನ ಮದ್ಯ, ಒಂದಕ್ಕೆ ಕಿತ್ತಳೆ ಮತ್ತು ನಿಂಬೆ, ಉಳಿದವರಿಗೆ ಬೇರೆ ಪದಾರ್ಥ. ಕಿತ್ತಳೆ, ನಿಂಬೆ ತಿಂದವರು ಬೇಗ ಎದ್ದು ಓಡಾಡಿದರು. ವಿನೆಗರ್ ಕುಡಿದವರಿಗೆ ಗುಣ ಕಾಣಲಿಲ್ಲ. ಸ್ಕರ್ವಿ ಬರುವುದು ಸಿ ಜೀವಸತ್ವದ ಕೊರತೆಯಿಂದ. ವಿನೆಗರ್ ಎಷ್ಟೇ ಹುಳಿಯಿದ್ದರೂ ಅದರಲ್ಲಿ ಸಿ ಜೀವಸತ್ವ ಇಲ್ಲ ಅಲ್ವಾ? ಅಂದರೆ ನಾಲಿಗೆಗೆ ಹುಳಿ ಅನಿಸಿದ್ದೆಲ್ಲ ಒಳಗೆ ಒಂದೇ ಅಲ್ಲ.

ಹಾಗಾಗಿ ಮೊದಲು ನಾಲಿಗೆಗೆ ಪಾಠ, ಆಮೇಲೆ ಅಡುಗೆ.

ಹೆಜ್ಜೆ 1: ಐದು ಹುಳಿಗಳನ್ನು ಒಟ್ಟಿಗೆ ಇಟ್ಟು ರುಚಿ ನೋಡಿ

ಇದಕ್ಕೆ ಹತ್ತು ನಿಮಿಷ ಸಾಕು. ಓದಿ ಬಿಡಬೇಡಿ, ಮಾಡಿಯೇ ನೋಡಿ.

ಮೂರು ಲೋಟಗಳಲ್ಲಿ ಅರ್ಧರ್ಧ ಲೋಟ, ಅಂದರೆ ಸುಮಾರು 100 ಮಿ.ಲೀ. ನೀರು ಹಾಕಿ. ಒಂದಕ್ಕೆ ಒಂದು ಟೀ ಚಮಚ ನಿಂಬೆರಸ. ಇನ್ನೊಂದಕ್ಕೆ ಒಂದು ಟೀ ಚಮಚ ವಿನೆಗರ್. ಮೂರನೆಯದಕ್ಕೆ ಗೋಲಿಯಷ್ಟು ಹುಣಸೆ ಕಿವುಚಿ ಸೋಸಿ. ನಾಲ್ಕನೆಯ ಲೋಟದಲ್ಲಿ ಹುಳಿ ಬಂದ ಮಜ್ಜಿಗೆ, ಉಪ್ಪು ಹಾಕದೆ. ಐದನೆಯದು ಹಸಿರು ಸೇಬಿನ ಒಂದು ಹೋಳು. ಪ್ರತಿ ಗುಟುಕಿನ ನಡುವೆ ಸಪ್ಪೆ ನೀರಲ್ಲಿ ಬಾಯಿ ಮುಕ್ಕಳಿಸಿ.

ಮೂರು ವಿಷಯ ಗಮನಿಸಿ: ಹುಳಿ ಎಷ್ಟು ಬೇಗ ತಟ್ಟುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಜೊತೆಗೆ ಇನ್ನೇನು ಬರುತ್ತದೆ.

ನಿಂಬೆ ಚುರುಕು. ಬಾಯಿಗಿಟ್ಟ ಕೂಡಲೇ ಚಿಮ್ಮುತ್ತದೆ, ಬೇಗ ಮಾಯವಾಗುತ್ತದೆ. ಹಸಿರು ಸೇಬಿನದು ನಿಧಾನ. ನುಂಗಿದ ಮೇಲೂ ನಾಲಿಗೆಯ ಮೇಲೆ ಕೂತಿರುತ್ತದೆ. ಹುಣಸೆಯದು ಗಟ್ಟಿ ಹುಳಿ. ಜೊತೆಗೆ ಸ್ವಲ್ಪ ಒಗರು, ಹಿಂದೆಯೇ ಒಣಹಣ್ಣಿನ ಸಿಹಿ. ಮಜ್ಜಿಗೆಯದು ಮೃದು, ಅಂಚಿಲ್ಲದ ಹುಳಿ. ವಿನೆಗರ್ ನಾಲಿಗೆಗಿಂತ ಮೊದಲು ಮೂಗನ್ನು ಮುಟ್ಟುತ್ತದೆ. ಈಗ ಮೂಗು ಹಿಡಿದುಕೊಂಡು ವಿನೆಗರ್ ನೀರನ್ನು ಇನ್ನೊಮ್ಮೆ ಗುಟುಕರಿಸಿ. ಅದರ ಅರ್ಧ ಗುಣ ಹೋಗಿರುತ್ತದೆ. ನನಗೆ ಈ ಒಂದು ಪರೀಕ್ಷೆ ಕಲಿಸಿದಷ್ಟು ಬೇರೆ ಯಾವ ಪಾಠವೂ ಕಲಿಸಲಿಲ್ಲ.

ನಾಲಿಗೆಯ ಪಕ್ಕಗಳಲ್ಲಿ ಮಾತ್ರ ಹುಳಿ ತಿಳಿಯುತ್ತದೆ ಎಂದು ಶಾಲೆಯ ಚಿತ್ರದಲ್ಲಿ ನೋಡಿರಬಹುದು. ಅದು ಸರಿಯಲ್ಲ. ರುಚಿಮೊಗ್ಗುಗಳು ಇರುವ ಕಡೆಯೆಲ್ಲ ಹುಳಿ ತಿಳಿಯುತ್ತದೆ. ಆಮ್ಲದಿಂದ ಬಿಡುಗಡೆಯಾಗುವ ಹೈಡ್ರೋಜನ್ ಅಯಾನುಗಳು ಕೆಲವು ಜೀವಕೋಶಗಳ ಒಳಗೆ ನುಗ್ಗುತ್ತವೆ, ಅದೇ ನಮಗೆ ಹುಳಿಯಾಗಿ ತಿಳಿಯುತ್ತದೆ.

ಹೆಜ್ಜೆ 2: ಹುಳಿಯ ಮನೆತನ ತಿಳಿದುಕೊಳ್ಳಿ

ಈ ಹುಳಿಗಳನ್ನು ಒಂದೊಂದಾಗಿ ಬೇರ್ಪಡಿಸಿದವರಲ್ಲಿ ಸ್ವೀಡನ್ನಿನ ಔಷಧ ತಯಾರಕ ಕಾರ್ಲ್ ವಿಲ್ಹೆಲ್ಮ್ ಶೀಲೆ ದೊಡ್ಡ ಹೆಸರು. 1780ರಲ್ಲಿ ಹುಳಿಹಾಲಿನಿಂದ ಲ್ಯಾಕ್ಟಿಕ್ ಆಮ್ಲ, 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳು, 1785ರಲ್ಲಿ ಸೇಬಿನಿಂದ ಮ್ಯಾಲಿಕ್ ಆಮ್ಲ. ಒಬ್ಬನೇ ಮನುಷ್ಯ, ಆಗಿನ ಸಾಮಾನ್ಯ ಸಾಮಗ್ರಿಗಳಲ್ಲಿ ಇಷ್ಟನ್ನು ಮಾಡಿದ ಎಂಬುದು ನನಗೆ ಇಂದಿಗೂ ಬೆರಗು.

ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ ಎಲ್ಲ ಸಿಟ್ರಿಕ್ ಮನೆಯವು. ಟೊಮೆಟೊದಲ್ಲೂ ಇದೇ ಮುಖ್ಯ. ಹಸಿರು ಸೇಬಿನ ಹುಳಿ ಮ್ಯಾಲಿಕ್. ಹುಣಸೆ ಮತ್ತು ದ್ರಾಕ್ಷಿಯ ವಿಶೇಷ ಟಾರ್ಟಾರಿಕ್. ಮೊಸರು, ಮಜ್ಜಿಗೆ, ಉಪ್ಪಿನಲ್ಲಿ ಹುದುಗಿಸಿದ ತರಕಾರಿ, ಹುಳಿಹಿಟ್ಟಿನ ಬ್ರೆಡ್, ಇವುಗಳಲ್ಲಿ ಲ್ಯಾಕ್ಟಿಕ್. ವಿನೆಗರ್ ಅಂದರೆ ಅಸಿಟಿಕ್. ಅಂಗಡಿಯ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಅದು 4ರಿಂದ 5 ಶೇಕಡಾ ಇರುತ್ತದೆ. ಒಳ್ಳೆಯ ನಿಂಬೆರಸದಲ್ಲೂ ಆಮ್ಲ ಹೆಚ್ಚುಕಡಿಮೆ ಅಷ್ಟೇ. ಆದರೂ ರುಚಿ ಒಂದೇ ಅಲ್ಲ, ನೀವೇ ಈಗ ನೋಡಿದಿರಲ್ಲ.

ಆರನೆಯದು ಆಕ್ಸಾಲಿಕ್. ಕೆಲವು ಹುಳಿಸೊಪ್ಪುಗಳಲ್ಲಿ, ರುಬಾರ್ಬ್ ಎಂಬ ಗಿಡದಲ್ಲಿ ಇದು ಜಾಸ್ತಿ. ಹಿತಮಿತವಾಗಿ ತಿಂದರೆ ತೊಂದರೆಯಿಲ್ಲ. ರುಬಾರ್ಬ್‌ನ ದಂಟು ಮಾತ್ರ ತಿನ್ನಬೇಕು, ಎಲೆ ವಿಷ. ನಕ್ಷತ್ರದ ಆಕಾರದ ಕಮರಾಕ್ಷಿ ಹಣ್ಣನ್ನು ಮೂತ್ರಪಿಂಡದ ಕಾಯಿಲೆ ಇರುವವರು ಮುಟ್ಟಲೇಬಾರದು. ಅದರಲ್ಲಿರುವ ಒಂದು ವಿಷವಸ್ತುವನ್ನು ಅವರ ದೇಹ ಹೊರಗೆ ಹಾಕಲಾರದು, ಮಿದುಳಿಗೆ ಅಪಾಯ.

ಹುಳಿಯನ್ನು ಅಂಕಿಯಲ್ಲಿ ಅಳೆಯಲು ಪಿಎಚ್ ಅಳತೆ ಇದೆ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಂದರು. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿತು ಎಂದರ್ಥ. ನಿಂಬೆರಸ 2ರಿಂದ 2.6, ವಿನೆಗರ್ 2.5ರ ಆಚೀಚೆ, ಟೊಮೆಟೊ 4.3ರಿಂದ 4.9, ಮೊಸರು 4.5ರ ಹತ್ತಿರ, ಹಾಲು 6.7. ಕೋಲಾ ಪಾನೀಯದ ಅಂಕಿ ಎಷ್ಟು ಗೊತ್ತಾ? ಅದೂ 2.5ರ ಆಸುಪಾಸು. ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ 100 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಅದನ್ನು ಮುಚ್ಚಿಟ್ಟಿರುತ್ತದೆ. ಸಕ್ಕರೆ ಹುಳಿಯನ್ನು ಕಡಿಮೆ ಮಾಡುವುದಿಲ್ಲ, ಮರೆಮಾಡುತ್ತದೆ ಅಷ್ಟೇ. ಹಲ್ಲಿನ ಮಾತು ಬಂದಾಗ ಇದನ್ನು ಮತ್ತೆ ನೆನೆಯಬೇಕಾಗುತ್ತದೆ.

ಹೆಜ್ಜೆ 3: ಯಾವಾಗ ಹಾಕಬೇಕು

ಅಡುಗೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಒಮ್ಮೆ ಮನೆಗೆ ಜನ ಬರುವವರಿದ್ದರು. ರಾತ್ರಿಯೆಲ್ಲ ನೆನೆಸಿದ ಕಡಲೆಕಾಳನ್ನು ಟೊಮೆಟೊ, ಹುಣಸೆರಸ ಎಲ್ಲ ಸೇರಿಸಿ ಒಟ್ಟಿಗೇ ಬೇಯಲು ಇಟ್ಟೆ, ಕೆಲಸ ಬೇಗ ಮುಗಿಯಲಿ ಅಂತ. ಎರಡು ಗಂಟೆಯಾದರೂ ಕಾಳು ಕಲ್ಲಿನಂತೆ ಇತ್ತು. ಕಾಳು ಹಳೆಯದು ಅಂದುಕೊಂಡೆ. ಕಾರಣ ಹುಳಿ. ಕಾಳಿನ, ಗೆಡ್ಡೆಯ ಕೋಶಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಪೆಕ್ಟಿನ್ ಆಮ್ಲದಲ್ಲಿ ಬೇಗ ಕರಗುವುದಿಲ್ಲ. ಆದ್ದರಿಂದ ಕಾಳು, ಬೇಳೆ, ಆಲೂಗಡ್ಡೆ ಪೂರ್ತಿ ಮೆತ್ತಗಾದ ಮೇಲೆಯೇ ಹುಳಿ ಹಾಕಿ. ಇದೇ ಗುಣ ಇನ್ನೊಂದು ಕಡೆ ಅನುಕೂಲಕ್ಕೂ ಬರುತ್ತದೆ. ಆಲೂಗಡ್ಡೆ ಹೋಳು ಒಡೆಯದೆ ಇಡಿಯಾಗಿ ಉಳಿಯಬೇಕಾದರೆ ಬೇಯಿಸುವ ನೀರಿಗೆ ಒಂದು ಚಮಚ ವಿನೆಗರ್ ಹಾಕಬಹುದು.

ಹಸಿರು ಸೊಪ್ಪು, ಬೀನ್ಸ್ ಬಣ್ಣ ಉಳಿಯಬೇಕೆಂದರೆ ಹುಳಿ ಕೊನೆಗೆ, ಬಡಿಸುವ ಮುಂಚೆ. ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಇರುತ್ತದೆ. ಆಮ್ಲ ಅದನ್ನು ಕಿತ್ತುಹಾಕಿದರೆ ಬಣ್ಣ ಕಂದು ಹಸಿರಿಗೆ ತಿರುಗುತ್ತದೆ. ಕೆಂಪು ಎಲೆಕೋಸು ಮತ್ತು ಕೆಂಪು ಈರುಳ್ಳಿಯದು ಇದಕ್ಕೆ ವಿರುದ್ಧ. ಹುಳಿ ತಾಗಿದರೆ ಅವುಗಳ ಬಣ್ಣ ಹೊಳೆಯುತ್ತದೆ.

ನಿಂಬೆಯನ್ನು ಕುದಿಸಬೇಡಿ. ಅದರ ಹುಳಿ ಕುದಿದರೂ ಉಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಹಿಂಡಿ. ಹುಣಸೆ ಹಾಗಲ್ಲ, ಅದು ಚೆನ್ನಾಗಿ ಕುದಿಯಬೇಕು. ಹಸಿ ವಾಸನೆ ಹೋಗಿ ರುಚಿ ದುಂಡಗಾಗಲು ಎಂಟು ಹತ್ತು ನಿಮಿಷ ಬೇಕು. ವಿನೆಗರ್ ಘಾಟು ಬೇಡವೆಂದರೆ ಮೊದಲೇ ಹಾಕಿ ಕುದಿಸಿ, ಘಾಟೇ ಬೇಕೆಂದರೆ ಕೊನೆಗೆ ಹಾಕಿ.

ಮೊಸರಿನ ವಿಷಯದಲ್ಲಿ ತಾಳ್ಮೆ ಬೇಕು. ಜೋರು ಉರಿಯಲ್ಲಿ ಅದು ಒಡೆಯುತ್ತದೆ. ಒಂದು ಲೋಟ ಮೊಸರಿಗೆ ಒಂದು ಚಮಚ ಕಡಲೆಹಿಟ್ಟು ಅಥವಾ ಮೆಕ್ಕೆಜೋಳದ ಹಿಟ್ಟು (ಕಾರ್ನ್‌ಫ್ಲೋರ್) ಗಂಟಿಲ್ಲದಂತೆ ಕಲಸಿ, ಉರಿ ಸಣ್ಣಗೆ ಮಾಡಿ ಹಾಕಿ, ಬಿಡದೆ ಕೈಯಾಡಿಸಿ. ಹಿಟ್ಟಿನಲ್ಲಿರುವ ಪಿಷ್ಟ ಪ್ರೋಟೀನ್ ಕಣಗಳು ಗಂಟುಕಟ್ಟದಂತೆ ತಡೆಯುತ್ತದೆ.

ಹಾಲಿಗೆ ಹುಳಿ ಹಿಂಡುವುದು ಅಂದರೆ ಕೆಲಸ ಕೆಡಿಸುವುದು ಎಂಬ ಮಾತಿದೆ. ಬೇಕೆಂದೇ ಹಿಂಡಿದರೆ ಪನೀರ್. ಒಂದು ಲೀಟರ್ ಹಾಲು ಕುದಿ ಬಂದಾಗ ಉರಿ ಆರಿಸಿ ಎರಡು ದೊಡ್ಡ ಚಮಚ ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಹಾಲಿನ ಕೇಸಿನ್ ಪ್ರೋಟೀನ್ ಗಂಟಾಗಿ ತಿಳಿನೀರು ಬೇರೆಯಾದ ಕೂಡಲೇ ನಿಲ್ಲಿಸಿ. ಜಾಸ್ತಿ ಹಾಕಿದರೆ ಪನೀರ್ ಹುಳಿಯಾಗುತ್ತದೆ. ಆ ತಿಳಿನೀರನ್ನು ಚೆಲ್ಲಬೇಡಿ, ಹಿಟ್ಟು ಕಲಸಲು ತುಂಬಾ ಚೆನ್ನ.

ಮೀನನ್ನು ನಿಂಬೆರಸದಲ್ಲಿ ನೆನೆಸಿದರೆ ಬೆಂದಂತೆ ಬೆಳ್ಳಗಾಗುತ್ತದೆ. ಅದು ನೋಟಕ್ಕೆ ಮಾತ್ರ. ಕ್ರಿಮಿಗಳು, ಹುಳುಗಳು ಅದರಿಂದ ಸಾಯುತ್ತವೆ ಎಂದು ನಂಬಬೇಡಿ.

ಹೆಜ್ಜೆ 4: ಹದ ಮಾಡುವುದು

ಹುಳಿಯನ್ನು ಹನಿ ಹನಿಯಾಗಿ ಹಾಕಿ, ಪ್ರತಿ ಸಲ ರುಚಿ ನೋಡಿ. ಒಳ್ಳೆಯ ಹದ ಅಂದರೆ ತಿನ್ನುವವರಿಗೆ ಹುಳಿ ಹಾಕಿದ್ದಾರೆ ಅನಿಸಬಾರದು, ಬಾಯಲ್ಲಿ ನೀರೂರಬೇಕು.

ಜಾಸ್ತಿಯಾಯಿತಾ? ಮೊದಲು ಪ್ರಮಾಣ ಹೆಚ್ಚಿಸಿ. ಬೇಯಿಸಿದ ತರಕಾರಿಯೋ ನೀರೋ ಸೇರಿಸಿ. ಆಮೇಲೆ ಕೊಬ್ಬು: ಬೆಣ್ಣೆ, ತೆಂಗಿನಹಾಲು, ಕೆನೆ. ಕೊನೆಗೆ ಒಂದು ಚಿಟಿಕೆ ಸಿಹಿ. ಅಡುಗೆ ಸೋಡಾ ಹಾಕಿದರೆ ಆಮ್ಲ ನಿಜವಾಗಿ ಕಡಿಮೆಯಾಗುತ್ತದೆ, ಆದರೆ ಸ್ವಲ್ಪ ಹೆಚ್ಚಾದರೂ ಸಾಬೂನಿನ ರುಚಿ ಬರುತ್ತದೆ. ನಾನು ಅದನ್ನು ಟೊಮೆಟೊ ಸಾಸ್‌ಗೆ ಮಾತ್ರ, ಉಗುರಿನ ತುದಿಯಷ್ಟು ಹಾಕುತ್ತೇನೆ.

ಎರಡು ಹುಳಿಗಳನ್ನು ಬೆರೆಸುವುದು ನನಗೆ ಅತಿ ಇಷ್ಟದ ಉಪಾಯ. ಟೊಮೆಟೊ ಕುದಿದು ತಳಹದಿಯಾಗಲಿ, ಮೇಲೆ ನಾಲ್ಕು ಹನಿ ನಿಂಬೆ ಬೀಳಲಿ. ಒಂದು ಕೆಳಗಿನಿಂದ ಹಿಡಿಯುತ್ತದೆ, ಇನ್ನೊಂದು ಮೇಲಿಂದ ಚಿಮ್ಮುತ್ತದೆ. ನೀರು ಸೇರಬಾರದ ಒಣ ಪದಾರ್ಥಗಳಿಗೆ ಮಾವಿನಕಾಯಿ ಪುಡಿ, ದಾಳಿಂಬೆ ಬೀಜದ ಪುಡಿ ಅಥವಾ ಸುಮಾಕ್ ಎಂಬ ಕೆಂಪು ಹಣ್ಣಿನ ಪುಡಿ ಉದುರಿಸಬಹುದು.

ಹೆಜ್ಜೆ 5: ಒಂದು ಹುಳಿಯನ್ನು ನೀವೇ ಹುಟ್ಟಿಸಿ

ಕೊಂಡು ತಂದ ಹುಳಿಗೂ ಜಾಡಿಯಲ್ಲಿ ದಿನದಿನವೂ ಬೆಳೆಯುವ ಹುಳಿಗೂ ಬಹಳ ವ್ಯತ್ಯಾಸ. ಶುರು ಮಾಡಲು ಎಲೆಕೋಸಿಗಿಂತ ಸುಲಭದ್ದು ಇಲ್ಲ. ಬೇಕಾದದ್ದು ಎರಡೇ: 1 ಕಿಲೋ ಎಲೆಕೋಸು, 20ರಿಂದ 25 ಗ್ರಾಂ ಉಪ್ಪು. ಉಪ್ಪನ್ನು ಕಣ್ಣಳತೆಯಲ್ಲಿ ಹಾಕಬೇಡಿ, ತೂಗಿ. ಕಡಿಮೆಯಾದರೆ ಕೊಳೆಯುತ್ತದೆ, ಹೆಚ್ಚಾದರೆ ಹುಳಿಯೇ ಬರುವುದಿಲ್ಲ.

ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಹಾಕಿ ಹತ್ತು ನಿಮಿಷ ಕೈಯಿಂದ ಚೆನ್ನಾಗಿ ಹಿಸುಕಿ. ನೀರು ಬಿಡುತ್ತದೆ. ತೊಳೆದು ಒಣಗಿಸಿದ ಗಾಜಿನ ಜಾಡಿಗೆ ಒತ್ತಿ ಒತ್ತಿ ತುಂಬಿ. ಬಿಟ್ಟ ನೀರೇ ಮೇಲೆ ಬಂದು ಎಲೆಕೋಸನ್ನು ಮುಚ್ಚಬೇಕು. ಒಂದು ಚೂರೂ ಗಾಳಿಗೆ ತೆರೆದಿರಬಾರದು, ಇದೇ ಮುಖ್ಯ ನಿಯಮ. ಮೇಲೊಂದು ದೊಡ್ಡ ಎಲೆ ಹೊದಿಸಿ, ತೊಳೆದ ಸಣ್ಣ ಗಾಜಿನ ಬಟ್ಟಲನ್ನು ಭಾರಕ್ಕೆ ಇಡಿ. ಜಾಡಿಯ ಮೇಲ್ಭಾಗ ನಾಲ್ಕು ಬೆರಳು ಖಾಲಿ ಇರಲಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಜಾಡಿಯ ಕೆಳಗೆ ತಟ್ಟೆ ಇಡಿ, ನೀರು ಉಕ್ಕಬಹುದು.

ಹೊರಗಿನಿಂದ ಹೆಪ್ಪು ಹಾಕಬೇಕಿಲ್ಲ. ಬೇಕಾದ ಬ್ಯಾಕ್ಟೀರಿಯಾ ಎಲೆಯ ಮೇಲೆಯೇ ಇರುತ್ತವೆ. ಮೊದಲ ಕೆಲವು ದಿನ ಲ್ಯೂಕೋನಾಸ್ಟಾಕ್ ಎಂಬ ಗುಂಪು ಕೆಲಸ ಮಾಡುತ್ತದೆ, ಗುಳ್ಳೆ ಬರುವುದು ಆಗಲೇ. ಹುಳಿ ಏರಿದಂತೆ ಅವು ಹಿಂದೆ ಸರಿದು, ಇನ್ನೂ ಹೆಚ್ಚು ಹುಳಿ ತಾಳುವ ಲ್ಯಾಕ್ಟೋಬ್ಯಾಸಿಲಸ್ ಜಾತಿಯವು ಮುಂದುವರಿಸುತ್ತವೆ. 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ವಾರ. ಸೆಖೆ ಇದ್ದರೆ ಬೇಗ ಹುಳಿಯುತ್ತದೆ, ರುಚಿ ಸ್ವಲ್ಪ ಒರಟು. ಐದನೇ ದಿನದಿಂದ ಶುಚಿಯಾದ ಚಮಚದಲ್ಲಿ ರುಚಿ ನೋಡುತ್ತಾ ಬನ್ನಿ. ಮೊದಲು ಬರೀ ಉಪ್ಪು, ಆಮೇಲೆ ಉಪ್ಪಿನ ಹಿಂದೆ ಸಣ್ಣ ಹುಳಿ, ಕೊನೆಗೆ ಉಪ್ಪನ್ನೇ ಹಿಂದೆ ಹಾಕುವ ಹುಳಿ. ನಿಮಗೆ ಹಿಡಿಸಿದ ದಿನ ಫ್ರಿಜ್‌ಗೆ ಸೇರಿಸಿ.

ಮೇಲೆ ತೆಳು ಬಿಳಿ ಪೊರೆ ಬಂದರೆ ಹೆದರಬೇಡಿ, ತೆಗೆದುಹಾಕಿ. ಹಸಿರು, ಕಪ್ಪು, ಗುಲಾಬಿ ಬೂಷ್ಟು ಬಂದರೆ, ಲೋಳೆಯಾದರೆ, ಕೊಳೆತ ನಾತ ಬಂದರೆ ಇಡೀ ಜಾಡಿಯನ್ನು ಚೆಲ್ಲಿ. ಮೇಲಿನದನ್ನು ಮಾತ್ರ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಹೆಜ್ಜೆ 6: ಕುಡಿಯುವ ಹುಳಿಗಳು

ನಿಂಬೆ ಶರಬತ್ತಿಗೆ ಒಂದು ಪಾಲು ರಸ, ಒಂದು ಪಾಲು ಸಕ್ಕರೆ, ಐದು ಪಾಲು ನೀರು. ಸಕ್ಕರೆಯನ್ನು ಸ್ವಲ್ಪ ಬಿಸಿನೀರಲ್ಲಿ ಮೊದಲು ಕರಗಿಸಿ, ಆರಿದ ಮೇಲೆ ರಸ ಹಾಕಿ. ಒಂದು ಚಿಟಿಕೆ ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಸಿಪ್ಪೆ ಜಜ್ಜುವಷ್ಟು ಹಿಂಡಬೇಡಿ, ಕಹಿ ಬರುವುದು ಅಲ್ಲಿಂದ, ಬೀಜದಿಂದ.

ಹಣ್ಣಿನ ವಿನೆಗರ್ ಪಾನಕ ಅನೇಕರಿಗೆ ಗೊತ್ತಿಲ್ಲ, ಒಮ್ಮೆ ಮಾಡಿದರೆ ಬಿಡುವುದಿಲ್ಲ. ಮಾಗಿದ ಹಣ್ಣು ಮತ್ತು ಸಕ್ಕರೆ ಸಮತೂಕ ಬೆರೆಸಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಬಿಟ್ಟ ರಸವನ್ನು ಸೋಸಿ, ಅಷ್ಟೇ ವಿನೆಗರ್ ಸೇರಿಸಿ. ಎರಡು ಚಮಚಕ್ಕೆ ಒಂದು ಲೋಟ ತಣ್ಣೀರು. ಮೂರು ದಿನ ಕಳೆದರೆ ಘಾಟು ಇಳಿದು ಹಣ್ಣು ಮುಂದೆ ಬರುತ್ತದೆ.

ಕೊಂಬುಚಾ, ಕೆಫಿರ್, ರೈ ಬ್ರೆಡ್ಡಿನಿಂದ ಮಾಡುವ ಕ್ವಾಸ್, ಇವೆಲ್ಲ ಹುದುಗಿಸಿದ ಹುಳಿ ಪಾನೀಯಗಳು. ಮೊದಲ ಸಲ ಕೊಂಡು ಕುಡಿದು ನೋಡಿ, ಇಷ್ಟವಾದರೆ ಮಾಡಲು ಕಲಿಯಿರಿ. ಇವುಗಳಲ್ಲಿ ಸ್ವಲ್ಪ ಮದ್ಯಸಾರ ಇರುತ್ತದೆ ಎಂಬುದು ನೆನಪಿರಲಿ.

ಹೆಜ್ಜೆ 7: ಪಾತ್ರೆ, ಹಲ್ಲು, ಜಾಡಿ

ಹುಳಿ ಪದಾರ್ಥವನ್ನು ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆ ಪಾತ್ರೆಯಲ್ಲಿ ಬೇಯಿಸಬೇಡಿ, ಇಡಲೂ ಬೇಡಿ. ಲೋಹ ಕರಗಿ ಊಟಕ್ಕೆ ಸೇರುತ್ತದೆ. ಸ್ಟೀಲ್, ಗಾಜು, ಪಿಂಗಾಣಿ ಒಳ್ಳೆಯದು.

ಹಲ್ಲಿನ ಹೊರಪದರ ಪಿಎಚ್ 5.5ರ ಕೆಳಗೆ ಕರಗಲು ಶುರುವಾಗುತ್ತದೆ. ಮೇಲೆ ಹೇಳಿದ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಊಟದ ಜೊತೆ ಹುಳಿ ತಿಂದರೆ ಹೆಚ್ಚು ಭಯವಿಲ್ಲ, ಎಂಜಲು ಅದನ್ನು ತೊಳೆಯುತ್ತದೆ. ದಿನವಿಡೀ ಗುಟುಕು ಗುಟುಕಾಗಿ ಹುಳಿ ಪಾನೀಯ ಹೀರುವುದೇ ಕೆಟ್ಟದ್ದು. ಕುಡಿದ ಕೂಡಲೇ ಹಲ್ಲುಜ್ಜಬೇಡಿ, ಆಗ ಪದರ ಮೆತ್ತಗಿರುತ್ತದೆ. ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಿ. ಎದೆಯುರಿ ಇರುವವರು ರಾತ್ರಿ ಹೊತ್ತು ಹುಳಿ ಕಡಿಮೆ ಮಾಡುವುದು ಒಳ್ಳೆಯದು.

ತಿಂಗಳುಗಟ್ಟಲೆ ಹೊರಗಿಡುವ ಜಾಡಿಗಳಿಗೆ ಒಂದು ಗಡಿ ಇದೆ: ಪಿಎಚ್ 4.6. ಅದರ ಕೆಳಗೆ ಬಾಟುಲಿಸಂ ಎಂಬ, ಪ್ರಾಣಕ್ಕೇ ಅಪಾಯ ತರುವ ಆಹಾರ ವಿಷಬಾಧೆಯ ಬ್ಯಾಕ್ಟೀರಿಯಾ ಬೆಳೆಯಲಾರದು. ಟೊಮೆಟೊ ಸರಿಯಾಗಿ ಈ ಗಡಿಯ ಮೇಲೆ ನಿಂತಿದೆ. ಅದಕ್ಕೇ ಟೊಮೆಟೊ ಜಾಡಿ ಕಟ್ಟುವಾಗ ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಲೇಬೇಕು, ಅದೂ ಬಾಟಲಿಯದ್ದು. ಹಣ್ಣಿನಿಂದ ಹಣ್ಣಿಗೆ ಹುಳಿ ಬದಲಾಗುತ್ತದೆ, ಬಾಟಲಿಯದು ಒಂದೇ ಹದ. ವಿನೆಗರ್‌ನಲ್ಲಿ ಇಡುವ ತರಕಾರಿಗೂ 5 ಶೇಕಡಾ ಎಂದು ಬರೆದಿರುವುದನ್ನೇ ಕೊಳ್ಳಿ. ಮನೆಯಲ್ಲಿ ಮಾಡಿದ ವಿನೆಗರ್ ಊಟಕ್ಕೆ ಚೆನ್ನ, ಇದಕ್ಕೆ ಬೇಡ.

ನಿಂಬೆ ಹೆಚ್ಚು ಸಿಕ್ಕಾಗ ರಸ ಹಿಂಡಿ ಸೋಸಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ ತಾರೀಕು ಬರೆದಿಡಿ. ಒಂದು ಗುಳಿಯಲ್ಲಿ ಎಷ್ಟು ಚಮಚ ರಸ ಹಿಡಿಸುತ್ತದೆ ಎಂದು ಮೊದಲ ಸಲವೇ ಅಳೆದು ಚೀಲದ ಮೇಲೆ ಬರೆದುಕೊಂಡರೆ, ಆಮೇಲೆ ಅಳತೆಗೆ ಚಮಚವೇ ಬೇಕಾಗುವುದಿಲ್ಲ.